ಓಲೆಕಾರನ ಚೀಟಿ

ಹೋದ ತಿಂಗಳು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಹಿಡಿಯಿತು. ಪಕ್ಕದಲ್ಲಿದ್ದ ಸಲೂನಿನ ಬಾಗಿಲಿಗೆ ಸರಿದು ನಿಂತೆ. ಒಳಗೆ ಯಾರಿಗೋ ಗಡ್ಡ ಕೆರೆದು ಮುಗಿಸಿ ಕೆನ್ನೆಗೆ ಪಟಿಕ ತಿಕ್ಕುತ್ತಿದ್ದರು. ಒದ್ದೆ ಪಟಿಕದ ಜೊತೆಗೆ ಸೋಪಿನ ನೊರೆಯ ವಾಸನೆ ಮೂಗಿಗೆ ಬಡಿದದ್ದೇ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

"ಕಟಿಂಗಾ, ಶೇವಿಂಗಾ ಯಜಮಾನ್ರೇ?" ಎಂದು ಅಂಗಡಿಯವನು ಕೇಳಿದ.

"ಏನೂ ಇಲ್ಲಪ್ಪ. ಮಳೆ ನಿಂತ್ರೆ ಹೊರಡ್ತೀನಿ."

ಮಳೆ ನಿಂತಿತು. ನನಗೆ ಏಳಲಾಗಲಿಲ್ಲ. ಆ ಜಾಗದಲ್ಲಿ ಹಿಂದೆ ನಾಗರಾಜನ ಅಂಗಡಿಯಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅವನು ಅಲ್ಲಿ ನನ್ನನ್ನು ಒಂದು ಮಾತು ಕೇಳಿದ್ದ. ಆಟದಲ್ಲಿ ಕೇಳಿದ್ದು. ನಾನು ಕೊಡಲಿಲ್ಲ. ಹೆಂಡತಿ ಮಕ್ಕಳಿಗೂ ಹೇಳದ ಸಂಗತಿ ಇದು. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ನನ್ನಿಂದ ಆಗುವುದಿಲ್ಲ.

ಆಗ ನಾನು ಅರಸೀಕೆರೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು ಮದುವೆ ಕಾಗದ, ತಿಥಿ ಕಾಗದ ಜೋಡಿಸುತ್ತಲೇ ನಡುವಯಸ್ಸಿಗೆ ಬಂದಿದ್ದೆ. ಎದುರುಗಡೆ ಆಗಲೇ ಕಂಪ್ಯೂಟರ್ ಅಂಗಡಿ ತೆರೆದಿತ್ತು. "ಮಲ್ಲೇಶಪ್ಪ, ಇನ್ನೆಷ್ಟು ದಿನ ಈ ಸೀಸ ಹಿಡ್ಕೊಂಡು ಕೂರೋಕಾಗತ್ತೆ?" ಎಂದು ಯಜಮಾನರು ದಿನವೂ ಒಂದು ಸಲ ಅನ್ನುತ್ತಿದ್ದರು. ಮೊಳೆಗಳೆಲ್ಲ ಗುಜರಿಗೆ ಹೋದರೆ ನಾನು ಯಾರು ಎಂಬ ದಿಗಿಲು ಊಟ ಮಾಡುವಾಗಲೂ ಬಿಡುತ್ತಿರಲಿಲ್ಲ. ಇದನ್ನು ಹೇಳುತ್ತಿರುವುದು ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ಅಲ್ಲ. ಕಸುಬು ಕೈ ಜಾರುತ್ತಿದ್ದವನಿಗೆ ಮನೆತನವೊಂದೇ ಹಿಡಿದುಕೊಳ್ಳಲು ಉಳಿದಿತ್ತು, ಅಷ್ಟೇ.

ನಮ್ಮೂರು ಹಗರೆಯಿಂದ ಒಳಕ್ಕೆ ಹೋದರೆ ಸಿಗುತ್ತದೆ. ನಾವು ಅಲ್ಲಿ ಜಮೀನಿನವರು. ನಾಗರಾಜನೂ ಅದೇ ಊರಿನವನು. ಅವನ ಅಪ್ಪ ತಿಮ್ಮಯ್ಯ ಊರಿನ ಎಲ್ಲ ಮನೆಗಳ ಕ್ಷೌರ ಮಾಡುತ್ತಿದ್ದ. ಮದುವೆಗೂ ಸಾವಿಗೂ ಅವನು ಬೇಕು. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ಪ್ರತಿ ಮನೆಯವರೂ ರಾಗಿ ಅಳೆದು ಕೊಡುತ್ತಿದ್ದರು. ಅವರ ಮನೆ ನಿಂತ ಜಾಗ ಕೂಡ ಈ ಚಾಕರಿಗೆಂದು ಊರು ಬಿಟ್ಟುಕೊಟ್ಟದ್ದು. ಚಾಕರಿ ನಿಂತರೆ ಜಾಗ ಬಿಡಬೇಕು. ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು.

ನಾಗರಾಜ ಇದರಿಂದ ತಪ್ಪಿಸಿಕೊಂಡು ಅರಸೀಕೆರೆಗೆ ಬಂದು ಸ್ವಂತ ಅಂಗಡಿ ಇಟ್ಟಿದ್ದ. ಗೋಡೆ ತುಂಬ ಕನ್ನಡಿ, ಮೇಲೆ ಕೆಳಗೆ ಹೋಗುವ ಕಬ್ಬಿಣದ ಕುರ್ಚಿ. "ಇಲ್ಲಿ ನಾನು ಯಾರ ಹಟ್ಟಿಗೂ ಹೋಗಂಗಿಲ್ಲ ಕಣಣ್ಣ, ಅವ್ರೇ ಬಂದು ಕುಂತ್ಕಬೇಕು" ಎಂದು ಆ ಕುರ್ಚಿಯನ್ನು ಒರೆಸುತ್ತ ಹೇಳುತ್ತಿದ್ದ. ಊರಿನಲ್ಲಿ ನನ್ನನ್ನು 'ಬುದ್ಧಿ' ಎಂದು ಕರೆಯುತ್ತಿದ್ದವನು ಇಲ್ಲಿ 'ಮಲ್ಲೇಶಣ್ಣ' ಎನ್ನುತ್ತಿದ್ದ. ಹಾಗೆ ಕರೆಸಿಕೊಳ್ಳುವುದು ನನ್ನ ದೊಡ್ಡತನ ಎಂದುಕೊಂಡಿದ್ದೆ.

ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಭಾಕರ ಬಾಡಿಗೆಗಿದ್ದ. ಕರಾವಳಿ ಕಡೆಯ ಮನೆತನ, ಮುಂಬಯಿಯಲ್ಲಿ ಬೆಳೆದವನು. ಬ್ಯಾಂಕಿನ ಕೆಲಸದ ಮೇಲೆ ಅರಸೀಕೆರೆಗೆ ಬಂದು ಬಿದ್ದಿದ್ದ. ಅವನ ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳಿದ್ದವು. ಎಲ್ಲವೂ ಒಂದು ಬಗೆಯ ಆಟದ ನಿಯಮಗಳು. ಮಂಗಳವಾರ ಕ್ಷೌರದಂಗಡಿಗೆ ರಜೆ. ಅಂದು ಸಂಜೆ ಬಾಗಿಲು ಅರ್ಧ ಎಳೆದುಕೊಂಡು ನಾವು ನಾಲ್ವರು ಒಳಗೆ ಕೂರುತ್ತಿದ್ದೆವು. ನಾಲ್ಕನೆಯವನು ಗಂಡಸಿಯ ಶೇಖರಪ್ಪ, ಕೊಬ್ಬರಿ ಮಾರಲು ಬಂದವನು ಕೊನೆಯ ಬಸ್ಸಿನವರೆಗೆ ಹೊತ್ತು ಕಳೆಯಬೇಕಿತ್ತು.

"ಮಣೆ ಎಲ್ರೀ ನಿಮ್ಮ ಆಟಕ್ಕೆ?" ಎಂದು ಶೇಖರಪ್ಪ ಮೊದಲ ದಿನ ಕೇಳಿದ.

"ಮಣೆ ಇಲ್ಲ ಮಾರಾಯ್ರೆ. ನಾನು ಕತೆ ಹೇಳ್ತೇನೆ. ನೀವು ಅದರೊಳಗಿನ ಜನ. ಎಂತ ಮಾಡ್ತೀರಿ ಅಂತ ನೀವೇ ಹೇಳ್ಬೇಕು."

"ನಾಟಕ ಅನ್ನಿ."

"ನಾಟಕದಲ್ಲಿ ಮಾತು ಮೊದಲೇ ಬರೆದಿರ್ತದೆ. ಇಲ್ಲಿ ಯಾರೂ ಬರೆದಿಲ್ಲ."

ಕತೆ ನಮ್ಮ ಹಳೇಬೀಡಿನದೇ ಆಗಲಿ ಎಂದು ನಾನು ಹೇಳಿದೆ. ಅದು ದೋರಸಮುದ್ರ ಎಂಬ ರಾಜಧಾನಿಯಾಗಿದ್ದ ಕಾಲ. ಶತ್ರು ಸೈನ್ಯ ಬರುತ್ತಿದೆ. ನಾವು ಆ ಪಟ್ಟಣದ ಸಾಮಾನ್ಯ ಜನ. ಪ್ರಭಾಕರನ ಹತ್ತಿರ ಬಣ್ಣದ ದಾಳಗಳಿದ್ದವು, ಆದರೆ ಅವು ಶೇಖರಪ್ಪನಿಗೆ ಹಿಡಿಸಲಿಲ್ಲ. ನಾಗರಾಜ ಮನೆಯಿಂದ ಕವಡೆ ತಂದ. ಮಾಡಲು ಹೊರಟ ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಕವಡೆ ಹಾಕುವುದೆಂದು ಆಯಿತು. ಅಂಗಾತ ಬಿದ್ದರೆ ಕೆಲಸ ಆಯಿತು, ಬೋರಲು ಬಿದ್ದರೆ ಇಲ್ಲ.

ಪ್ರತಿಯೊಬ್ಬನಿಗೂ ಒಂದು ಕಸುಬು ಬೇಕಿತ್ತು. ಪ್ರಭಾಕರ ತನ್ನ ಪುಸ್ತಕಗಳನ್ನು ಹರಡಿಕೊಂಡು ವಿವರಿಸಿದ. ಕೆಲವು ಆಟಗಳಲ್ಲಿ ಒಂದೊಂದು ಕಸುಬಿಗೂ ಏನೇನು ಬರುತ್ತದೆ, ಏನು ಬರುವುದಿಲ್ಲ ಎಂದು ಪುಟಗಟ್ಟಲೆ ಬರೆದಿರುತ್ತಾರಂತೆ. ಅವನಿಗೆ ಅದು ಬೇಡವಾಗಿತ್ತು. "ಚೀಟಿಯಲ್ಲಿ ಒಂದೇ ಪದ ಇರಲಿ. ಅದು ನಿಮ್ಮ ಕಸುಬಿಗೆ ಸೇರಿದ ಕೆಲಸ ಅಂತ ನೀವು ನನ್ನನ್ನು ಒಪ್ಪಿಸಿದ್ರೆ ಕವಡೆಯೇ ಬೇಡ, ಕೆಲಸ ಆಯಿತು. ಬೇರೆಯವನ ಕಸುಬಿಗೆ ಕೈ ಹಾಕಿದ್ರೆ ಮಾತ್ರ ಕವಡೆ ಹಾಕ್ಬೇಕು."

"ಕಸುಬು ಬ್ಯಾಡ ಅಂದ್ರೆ ಬಿಡಬೋದಾ?" ಎಂದು ನಾಗರಾಜ ಕೇಳಿದ.

ಪ್ರಭಾಕರ ಪುಸ್ತಕ ಮುಚ್ಚಿಟ್ಟ. "ಬಿಡಬಹುದು. ಹೊಸದನ್ನು ನಿಮಗೆ ಕಲಿಸೋರು ಒಬ್ಬರು ಬೇಕು. ಹಳೆಯದನ್ನು ನಿಮ್ಮಿಂದ ಕಲಿಯೋರೂ ಒಬ್ಬರು ಬೇಕು. ಪಟ್ಟಣದ ಕೆಲಸ ನಿಲ್ಲಬಾರದಲ್ಲ?"

ನಮಗೆಲ್ಲ ಅದು ನ್ಯಾಯವಾಗಿಯೇ ಕಂಡಿತು.

ಚೀಟಿ ಬರೆದವನು ನಾನು. ಕಲ್ಕುಟಿಗ, ಮಾವುತ, ಹೂವಾಡಿಗ, ಓಲೆಕಾರ, ಕ್ಷೌರಿಕ. ಓಲೆಕಾರ ಎಂದರೆ ಅರಮನೆಯ ಓಲೆ ಹೊತ್ತು ಊರಿಂದೂರಿಗೆ ಓಡುವವನು. ಪೌಡರ್ ಡಬ್ಬಿಯಲ್ಲಿ ಹಾಕಿ ಕುಲುಕಿ ಒಬ್ಬೊಬ್ಬರೇ ಎತ್ತಿದೆವು. ಶೇಖರಪ್ಪನಿಗೆ ಮಾವುತ ಬಂತು. ನಾಗರಾಜ ತನ್ನದನ್ನು ಬಿಡಿಸಿ, "ಓಲೆಕಾರ!" ಎಂದು ಕೂಗಿದ. ನನ್ನ ಕೈಗೆ ಬಂದದ್ದು ಕ್ಷೌರಿಕ.

ಆ ಚೀಟಿಯನ್ನು ಹಿಡಿದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಏಯ್, ಇದು ಅದಲು ಬದಲಾಗೈತೆ ಕಣ್ಲಾ" ಎಂದು ನಗುತ್ತ ಅವನ ಕೈಯಿಂದ ಓಲೆಕಾರನನ್ನು ಕಿತ್ತುಕೊಂಡು ನನ್ನದನ್ನು ಅವನ ಅಂಗೈಯಲ್ಲಿಟ್ಟೆ. ಶೇಖರಪ್ಪ ತೊಡೆ ತಟ್ಟಿಕೊಂಡು, "ಆ ಕಾಲಕ್ಕೆ ಹೋದ್ರೂ ಕತ್ತಿ ಬಿಡ್ಲಿಲ್ವಲ್ಲೋ ನಿನ್ನ!" ಎಂದು ನಕ್ಕ. ನಾಗರಾಜನೂ ನಕ್ಕ. ಪ್ರಭಾಕರ ಮಾತ್ರ ನಗಲಿಲ್ಲ. "ಅವರಿಗೆ ಬಂದದ್ದು ಅವರಿಗೇ ಇರಲಿ" ಎಂದ. "ಅಯ್ಯೋ, ಇರ್ಲಿ ಬಿಡಿ ಸಾರ್, ಇದಾದ್ರೆ ನಂಗೆ ಗೊತ್ತಿರೋದೇ" ಎಂದು ನಾಗರಾಜ ಚೀಟಿಯನ್ನು ಜೇಬಿಗೆ ಹಾಕಿಕೊಂಡ.

ಆಮೇಲಿನ ಕೆಲವು ವಾರ ಕಂಡಂಥ ಸಂಜೆಗಳನ್ನು ನಾವು ಬಾಳಿನಲ್ಲೇ ಕಂಡಿರಲಿಲ್ಲ. ಹೊರಗೆ ಜಡಿಮಳೆ, ಒಳಗೆ ದೋರಸಮುದ್ರ. ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ನಾಗರಾಜ. ದಂಡನಾಯಕ ಕೋಟೆಯ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗ, "ನಾನು ಓಗಿ ಅವನ ಗಡ್ಡಕ್ಕೆ ಕುಂತ್ಕತೀನಿ. ಗಂಟ್ಲ ಮ್ಯಾಲೆ ಕತ್ತಿ ಇಟ್ಟವನ ತಾವ ಯಾರೂ ಸುಳ್ಳು ಏಳಲ್ಲ ಸಾರ್" ಎಂದ. ಪ್ರಭಾಕರ ಕೈ ಮುಗಿದುಬಿಟ್ಟ. "ಒಪ್ಪಿದೆ ಮಾರಾಯ. ಕವಡೆ ಬೇಡ."

ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ನಾಗರಾಜ ಬಾಡಿದ್ದ. ಊರಿನಲ್ಲಿ ತಿಮ್ಮಯ್ಯನ ಕೈ ನಡುಗಲು ಶುರುವಾಗಿತ್ತು. ಒಂದು ದಿನ ನನ್ನ ಅಣ್ಣ ರುದ್ರಪ್ಪನ ಕಿವಿಯ ಹತ್ತಿರ ಕತ್ತಿ ತಾಗಿ ರಕ್ತ ಬಂತು. ಅಣ್ಣ ಎದ್ದು ಮುದುಕನನ್ನು ನೂಕಿದನಂತೆ. ಬಿಸಿನೀರಿನ ಬಟ್ಟಲು ಮುದುಕನ ಮೈ ಮೇಲೆ ಚೆಲ್ಲಿತಂತೆ. ಇದನ್ನು ಅಣ್ಣ ನನಗೆ ಹೇಳಲಿಲ್ಲ. ನಾಗರಾಜ ಹೇಳಿದ, ನನ್ನ ಮುಖ ನೋಡದೆ, ಕುರ್ಚಿ ಒರೆಸುತ್ತ.

"ಮಗನ್ನ ಕರ್ಸು ಅಂತಾವ್ರೆ. ಇಲ್ಲ ಜಾಗ ಬಿಡು ಅಂತಾವ್ರೆ. ಅಪ್ಪನ್ನ ಇಲ್ಲಿಗೆ ಕರ್ಕಂಬರಾನ ಅಂದ್ರೆ, ನಮ್ಮವ್ವ ಸತ್ತ ಮನೆ ಬಿಟ್ಟು ಬರಲ್ಲ ಅಂತೈತೆ ಮುದುಕ. ಏನ್ ಮಾಡ್ಲಿ ಮಲ್ಲೇಶಣ್ಣ?"

"ನೋಡಾನ ಬಿಡು" ಎಂದೆ. ಅಣ್ಣನಿಗೆ ಎದುರಾಡಿದವನಲ್ಲ ನಾನು.

ಅದರ ಮುಂದಿನ ಮಂಗಳವಾರ ಆಟದಲ್ಲಿ ಪಟ್ಟಣಕ್ಕೆ ಮುತ್ತಿಗೆ ಬಿದ್ದಿತ್ತು. ಕೋಟೆಯ ಬಾಗಿಲು ಮುಚ್ಚಿದೆ, ಓಲೆ ಹೊತ್ತವನನ್ನು ಮಾತ್ರ ಹೊರಗೆ ಬಿಡುತ್ತಾರೆ ಎಂದು ಪ್ರಭಾಕರ ಹೇಳಿದ. ಶೇಖರಪ್ಪ ಆನೆಯ ಜೊತೆಗೇ ಸಾಯುತ್ತೇನೆಂದು ಘೋಷಿಸಿ ಬೀಡಿ ಹಚ್ಚಿದ. ನಾನು ಓಲೆಕಾರ, ನನಗೆ ಭಯವಿರಲಿಲ್ಲ. ನಾಗರಾಜ ತನ್ನ ಚೀಟಿಯನ್ನು ತೆಗೆದು ನೆಲದ ಮೇಲಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಮಲ್ಲೇಶಣ್ಣ, ನಿನ್ನ ಕಸುಬು ನಂಗೆ ಕಲ್ಸು. ನಂದು ನೀನು ಕಲ್ತ್ಕೋ."

"ಏನಂದೆ?"

"ನಾನು ಓಲೆ ತಗಂಡು ಓಯ್ತೀನಿ. ನೀನು ಕತ್ತಿ ಇಡ್ಕೊಂಡು ಪಟ್ಣದಾಗಿರು. ನಿಯಮ ಐತಲ್ಲ."

ಪ್ರಭಾಕರ ತಲೆಯಾಡಿಸಿದ. "ಇದೆ. ಮಲ್ಲೇಶಣ್ಣ ಹೂಂ ಅಂದ್ರೆ ಆಯಿತು. ಕವಡೆ ಕೂಡ ಬೇಡ."

ಹೂಂ ಎನ್ನಲು ಬಾಯಿ ತೆರೆದೆ. ಆಗ ಶೇಖರಪ್ಪ ಬೀಡಿ ತೆಗೆದು ನಕ್ಕ. "ಓಹೋ, ನಮ್ ಮಲ್ಲೇಶಪ್ಪ ಕತ್ತಿ ಮಸೀತಾರೆ ಇನ್ನು! ನಿಮ್ಮಣ್ಣಂಗೆ ಏಳ್ತೀನಿ ಇರಿ, ಮನೇಲೇ ಒಬ್ರು ತಯಾರಾದ್ರು ಅಂತ!"

ಅಷ್ಟೇ. ಅವನದು ಬರೀ ತಮಾಷೆ, ಮರುಕ್ಷಣವೇ ಮರೆತಿರುತ್ತಿದ್ದ. ಚೀಟಿ ಒಂದು ಕಾಗದದ ಚೂರು, ದೋರಸಮುದ್ರ ಯಾವತ್ತೋ ಮಣ್ಣಾದ ಪಟ್ಟಣ, ಎದುರಿಗಿದ್ದವರು ಮೂರು ಜನ. ಆದರೂ ಆ ಒಂದು ಪದ ನನ್ನ ಚೀಟಿಯ ಮೇಲೆ ಕೂರುವುದನ್ನು ನೆನೆದರೆ ಮೈ ಮುದುಡಿತು. ಊರಿನಲ್ಲಿ, ಅಣ್ಣನ ಜಗುಲಿಯ ಮೇಲೆ ಈ ಮಾತು ಬಂದರೆ? ಕವಡೆಗಳನ್ನು ಕೈಯಲ್ಲಿ ಹಿಡಿದು ಉಜ್ಜುತ್ತ ಕುಳಿತೆ.

"ಅದೇನಂದ್ರೆ ನಾಗರಾಜ... ಬೇರೆ ಏನಾದ್ರೂ ದಾರಿ ನೋಡು" ಎಂದೆ.

ಅವನು ಶೇಖರಪ್ಪನನ್ನು ನೋಡಿದ. "ನಂಗೆ ಆನೆ ಐತಪ್ಪ" ಎಂದ ಶೇಖರಪ್ಪ. ಪ್ರಭಾಕರನಿಗೆ ಆಟ ನಡೆಸುವ ಕೆಲಸ. ಅವನಿಗೆ ಕಸುಬೇ ಇರಲಿಲ್ಲ.

"ಕಲಿಯೋರು ಇಲ್ಲದಿದ್ರೆ..." ಎಂದು ಪ್ರಭಾಕರ ತಡವರಿಸಿದ. "ಇನ್ನೊಮ್ಮೆ ಯೋಚನೆ ಮಾಡಿ ಮಲ್ಲೇಶಣ್ಣ. ಆಟ ಮಾರಾಯ್ರೆ."

"ಆಟ ಅಂತ ಎಲ್ಲಾ ಆಡೋಕಾಯ್ತದಾ?" ಎಂದುಬಿಟ್ಟೆ.

ನಾಗರಾಜ ಕವಡೆಗಳನ್ನು ನನ್ನ ಕೈಯಿಂದ ತೆಗೆದುಕೊಂಡ. ಕಸುಬಿಲ್ಲದೆ ಬಾಗಿಲು ದಾಟುತ್ತೇನೆ ಎಂದು ಹೇಳಿ ನೆಲದ ಮೇಲೆ ಎಸೆದ. ಎಲ್ಲವೂ ಬೋರಲು ಬಿದ್ದವು. ಒಂದು ಉರುಳಿ ಕುರ್ಚಿಯ ಕೆಳಗೆ ಹೋಯಿತು. ಅದನ್ನು ಯಾರೂ ಹೆಕ್ಕಲಿಲ್ಲ.

ಅವನು ನನ್ನನ್ನು ಯಾಕೆ ಕೇಳಿದ ಎಂಬುದು ಆ ವಾರ ಕಳೆಯುವುದರೊಳಗೆ ತಿಳಿಯಿತು. ಅಣ್ಣ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಅರಸೀಕೆರೆಗೆ ಬಂದ. ಅವರು ಬರುತ್ತಾರೆಂದು ನಾಗರಾಜನಿಗೆ ಆ ಮಂಗಳವಾರವೇ ಗೊತ್ತಿತ್ತು. ನಾನು ಯಾವ ಕಡೆ ನಿಲ್ಲುತ್ತೇನೆ ಎಂದು ಅವನು ನೋಡಿದ್ದ, ಅಷ್ಟೇ.

ಪ್ರೆಸ್ಸಿನಿಂದ ನನ್ನನ್ನೂ ಎಬ್ಬಿಸಿಕೊಂಡು ಹೋದರು. ಅವರು ಅಂಗಡಿಯೊಳಗೆ ಕಾಲಿಡಲಿಲ್ಲ. ಕಂಡವರೆಲ್ಲ ಕೂತೆದ್ದ ಕುರ್ಚಿ ಅದು. ಬಾಗಿಲಲ್ಲಿ ನಿಂತು ಮಾತಾಡಿದರು. ನಾಗರಾಜ ಒಬ್ಬ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿದವನು ಬ್ರಷ್ಷು ಕೈಯಲ್ಲೇ ಹಿಡಿದು ಹೊರಗೆ ಬಂದ.

"ನಿಮ್ಮಪ್ಪನ ಕೈಲಾಗಕಿಲ್ಲ. ನೀನು ಬಂದು ಮಾಡು. ಇಲ್ಲ ನಿನ್ನ ಬದಲಿಗೆ ಇನ್ನೊಬ್ಬನ್ನ ತಂದು ನಿಲ್ಸು, ಬ್ಯಾಡ ಅನ್ನಾಕಿಲ್ಲ" ಎಂದ ಅಣ್ಣ.

"ಯಾರು ಬತ್ತಾರೆ ಬುದ್ಧಿ? ಬಸ್ ಹತ್ತಿ ಹಗರೆಗೆ ಓದ್ರೆ ಅಲ್ಲೇ ಅಂಗಡಿ ಐತೆ, ಊರೋರು ಅಲ್ಲಿಗೇ ಓಗಬೋದಲ್ಲ?"

"ಗಡ್ಡಕ್ಕೆ ಬಸ್ ಚಾರ್ಜು ಕೊಡಬೇಕೇನ್ಲಾ ನಾವು?" ಅಣ್ಣ ನನ್ನ ಕಡೆ ತಿರುಗಿದ. "ಓದಿದೋನು ನೀನು. ನೀನೇ ಏಳು. ಊರು ಅಂದ್ಮ್ಯಾಲೆ ಒಬ್ಬ ಬ್ಯಾಡ್ವಾ?"

ನಾಗರಾಜನೂ ನನ್ನನ್ನು ನೋಡಿದ. ಅವನ ಬ್ರಷ್ಷಿನಿಂದ ನೊರೆ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಬೇಡ ಎಂದು ನಾನು ಅಂದಿದ್ದರೆ ಅಣ್ಣ ಬೈಯುತ್ತಿದ್ದ. ಅಷ್ಟು ಬಿಟ್ಟು ಬೇರೇನೂ ಆಗುತ್ತಿರಲಿಲ್ಲ. ಹಿರಿಯರಲ್ಲಿ ಒಬ್ಬರಂತೂ ಆಗಲೇ ಅರೆಮನಸ್ಸಿನಲ್ಲಿದ್ದರು, ನನ್ನ ಒಂದು ಮಾತಿಗೆ ಕಾದಂತಿದ್ದರು.

"ಒಬ್ಬ ಬೇಕಲ್ಲ ನಾಗರಾಜ" ಎಂದೆ.

ಅವನು ಕಾಲ ಮೇಲಿನ ನೊರೆ ಒರೆಸಿಕೊಂಡ. ಒಳಗೆ ಹೋಗಿ ಆ ಗಿರಾಕಿಯ ಗಡ್ಡ ಮುಗಿಸಿದ. ಆಮೇಲೆ ಕನ್ನಡಿ ಬಿಚ್ಚಲು ಶುರು ಮಾಡಿದ.

ಅವನು ಹೊರಟ ದಿನ ಸೋನೆ ಬಿಡಲೇ ಇಲ್ಲ. ಕುರ್ಚಿಯನ್ನು ಹಳೇಬೀಡಿನ ಬಸ್ಸಿನ ಮೇಲೆ ಏರಿಸಿ ಹಗ್ಗ ಬಿಗಿಯಲು ನಾನೂ ಕೈ ಹಾಕಿದೆ. "ಬತ್ತೀನಿ ಬುದ್ಧಿ" ಎಂದ. ನನ್ನನ್ನು ಅಣ್ಣ ಎಂದು ಕರೆದದ್ದು ಅಲ್ಲಿಗೆ ಮುಗಿಯಿತು. ಬಸ್ಸು ಹೋದ ಮೇಲೂ ಪ್ರಭಾಕರ ಮಳೆಯಲ್ಲೇ ನಿಂತಿದ್ದ.

"ನೀವು ಹೂಂ ಅಂತೀರಿ ಅಂದ್ಕೊಂಡೇ ನಾನು ಕೋಟೆ ಬಾಗಿಲು ಮುಚ್ಚಿಸಿದ್ದು" ಎಂದ. "ಓಲೆಕಾರನ ಚೀಟಿ ಮೊದಲು ಅವರಿಗೆ ಬಂದದ್ದಲ್ಲವಾ? ಅವರಿಗೆ ಅದು ವಾಪಸು ಸಿಗಲಿ ಅಂತ. ನಿಮ್ಮನ್ನು ನಾನು ತಿಳ್ಕೊಂಡಿರಲಿಲ್ಲ ಮಾರಾಯ್ರೆ."

ಆಟ ನಿಂತಿತು. ದೀಪಾವಳಿಯ ಹೊತ್ತಿಗೆ ಪ್ರೆಸ್ಸಿನ ಮೊಳೆಗಳು ಚೀಲ ಚೀಲವಾಗಿ ಗುಜರಿಗೆ ಹೋದವು. ಯಜಮಾನರು ನನ್ನನ್ನು ಕೈ ಬಿಡಲಿಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ ಕಲಿಸಿದರು. ನನಗೆ ಹೊಸ ಕಸುಬು ಅಷ್ಟು ಸಲೀಸಾಗಿ ಸಿಕ್ಕಿತು. ಹಳೆಯದನ್ನು ಯಾರಾದರೂ ಕಲಿತುಕೊಳ್ಳಲಿ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಊರಿಗೆ ಹೋದಾಗಲೆಲ್ಲ ಅವನನ್ನು ನೋಡುತ್ತಿದ್ದೆ. ಜಗುಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ. ರುದ್ರಪ್ಪಣ್ಣ ತೀರಿಕೊಂಡಾಗ ನನ್ನ ತಲೆ ಬೋಳಿಸಿದವನೂ ಅವನೇ. "ತಲೆ ತಗ್ಗಿಸಿ ಬುದ್ಧಿ" ಎಂದ. ತಗ್ಗಿಸಿದೆ. ತಣ್ಣನೆಯ ಕತ್ತಿ ನೆತ್ತಿಯಿಂದ ಕುತ್ತಿಗೆಗೆ ಇಳಿಯುತ್ತಿರುವಾಗ ನಾನು ಅತ್ತೆ. ಅಣ್ಣನಿಗಾಗಿ ಅಳುತ್ತಿದ್ದೇನೆಂದು ಎಲ್ಲರೂ ತಿಳಿದರು.

ಹೋದ ತಿಂಗಳು ಆ ಸಲೂನಿನ ಬೆಂಚಿನಿಂದ ಎದ್ದವನು ಮನೆಗೆ ಹೋಗಲಿಲ್ಲ. ಹಳೇಬೀಡಿನ ಬಸ್ಸು ಹತ್ತಿದೆ. ಅಲ್ಲಿಂದ ಹಗರೆ, ಅಲ್ಲಿಂದ ಆಟೋ. ನಾಗರಾಜ ಮನೆಯ ಹಿತ್ತಲಿನಲ್ಲಿ ಹೊಂಗೆ ಮರದಡಿ ಕುಳಿತಿದ್ದ. ಹತ್ತಿರದಲ್ಲೇ ಆ ಕಬ್ಬಿಣದ ಕುರ್ಚಿ, ತುಕ್ಕು ಹಿಡಿದು ಒಂದು ಕಡೆ ವಾಲಿಕೊಂಡು ನಿಂತಿತ್ತು. ಸೀಟಿನ ಹುಲ್ಲಿನ ಮೇಲೆ ಕೋಳಿ ಕಾವು ಕೂತಿತ್ತು.

"ಬನ್ನಿ ಬುದ್ಧಿ. ಗಡ್ಡವಾ?"

"ಇಲ್ಲ. ನಿನ್ನ ಕಸುಬು ಕಲಿಯಾಣ ಅಂತ ಬಂದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕ, ಹಲ್ಲಿಲ್ಲದ ಬಾಯಿ. "ಈಗ ಕಲ್ತು ಏನ್ ಮಾಡೀರಿ? ಐಕಳೆಲ್ಲ ಬೈಕಿನಾಗೆ ಹಾಸನಕ್ಕೆ ಓಗಿ ತಲೆ ಮಾಡ್ಸ್ಕಂಡು ಬತ್ತವೆ. ಬಸ್ ಹತ್ತಕ್ಕಾಗದ ಮುದುಕ್ರು ನಾಕು ಜನ ಅವ್ರೆ. ಅವ್ರೂ ಓದ್ರೆ ಮುಗೀತು. ಯಾರೂ ನಿಲ್ಸ್ಲಿಲ್ಲ, ಅದೇ ನಿಂತೋಯ್ತು."

ಹೀಗೆ ತಾನೇ ನಿಂತು ಹೋಗುವ ಚಾಕರಿಗೆ ಅವನ ವಯಸ್ಸನ್ನೆಲ್ಲ ಹಿಡಿದು ಕೊಟ್ಟಿದ್ದೆ ನಾನು.

ಕೋಳಿಯನ್ನು ಎಬ್ಬಿಸಿದೆ. ಹುಲ್ಲು, ಮೊಟ್ಟೆ ಎಲ್ಲವನ್ನೂ ಜೋಪಾನವಾಗಿ ಪುಟ್ಟಿಗೆ ಹಾಕಿ ಪಂಚೆಯ ತುದಿಯಲ್ಲಿ ಸೀಟು ಒರೆಸಿದೆ. "ಕೂತ್ಕೋ" ಎಂದೆ. "ಬ್ಯಾಡಿ ಬುದ್ಧಿ, ಬೀದೀಲಿ ಓಗೋರು ನೋಡ್ತಾರೆ" ಎಂದ. "ನೋಡ್ಲಿ." ಅವನು ಎದ್ದು ಬಂದು ಬೀದಿಯತ್ತ ನೋಡಿ ಕೊನೆಗೆ ಕುಳಿತ. ಅವನ ಕ್ಷೌರದ ಪೆಟ್ಟಿಗೆ ತೆರೆದು ಬ್ರಷ್ಷು ಅದ್ದಿ ನೊರೆ ಎಬ್ಬಿಸಿ ಅವನ ಕೆನ್ನೆಗೆ, ಗಲ್ಲಕ್ಕೆ ಹಚ್ಚಿದೆ. ಬೇಲಿಯ ಆಚೆ ಯಾರೋ ನಿಂತು ನೋಡುತ್ತಿದ್ದರು. ನಾಗರಾಜ ಕಣ್ಣು ಮುಚ್ಚಿಕೊಂಡು ಕತ್ತನ್ನು ಹಿಂದಕ್ಕೆ ಒರಗಿಸಿದ.

"ಆಗ ಇದು ಒಂದು ಮಾತಷ್ಟೇ ಆಗಿತ್ತು" ಎಂದ, ತುಟಿ ಅಲುಗಿಸದೆ. "ಬಾಯಲ್ಲಿ ಹೂಂ ಅಂದಿದ್ರೆ ಸಾಕಾಗಿತ್ತು."

ಕತ್ತಿಯನ್ನು ಎತ್ತಿಕೊಂಡೆ. ನನ್ನ ಕೈ ನಡುಗುತ್ತಿತ್ತು. ಎರಡು ವರ್ಷದಿಂದ ನಡುಗುತ್ತಿದೆ, ಚಮಚದಲ್ಲಿ ಔಷಧಿಯೂ ನಿಲ್ಲುವುದಿಲ್ಲ. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡೆ. ಎರಡೂ ನಡುಗಿದವು. ಅವನ ಗಂಟಲ ಗಂಟು ಒಮ್ಮೆ ಏರಿ ಇಳಿಯಿತು. ನೊರೆ ಒಣಗಿ ಬಿರಿಯುವವರೆಗೂ ಅವನು ಹಾಗೆಯೇ ಕಾದ. ನನ್ನಿಂದ ಕತ್ತಿ ಇಳಿಸಲಾಗಲಿಲ್ಲ.

ಅವನು ಕಣ್ಣು ತೆರೆದು ಕತ್ತಿಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡ.

"ಕವಡೆ ಬೀಳ್ಲಿಲ್ಲ ಬಿಡಣ್ಣ" ಎಂದ.

ನೀರು ಮುಟ್ಟಿಸಿಕೊಂಡು ತನ್ನ ಗಡ್ಡವನ್ನು ತಾನೇ ಕೆರೆದುಕೊಳ್ಳತೊಡಗಿದ. ಏನಾದರೂ ಮಾಡಬೇಕೆನ್ನಿಸಿ ನಾನು ಪೆಟ್ಟಿಗೆಯಲ್ಲಿದ್ದ ಕನ್ನಡಿಯನ್ನು ಎತ್ತಿ ಅವನ ಮುಖದ ಎದುರಿಗೆ ಹಿಡಿದು ನಿಂತೆ. ನನ್ನ ಕೈಯಲ್ಲಿ ಅದು ಅಲುಗುತ್ತಲೇ ಇತ್ತು. ಅವನು ಒಮ್ಮೆಯೂ ಅದರೊಳಗೆ ನೋಡಿಕೊಳ್ಳಲಿಲ್ಲ.